ಕಿವಿಯಿಂದ ಹಿಂದಕ್ಕೆ: ಬೇಸ್ ಆಂಪ್ ಮತ್ತು ಆಂಪ್ ಸಾಫ್ಟ್‌ವೇರ್ ಆರಿಸಿ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೊದಲ ಬೇಸ್ ಆಂಪ್‌ನಲ್ಲಿ, ಅಂದರೆ ಬೇಸ್ ಗಿಟಾರಿನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆಯಲ್ಲಿ, ಹದಿನೈದು ಇಂಚಿನ ಸ್ಪೀಕರ್ ಇತ್ತು. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಅದನ್ನು ಗೋಡೆಗೆ ಒತ್ತಿ ಇಟ್ಟು, ನಟ್ಟನಡುವೆ ಕುರ್ಚಿ ಹಾಕಿಕೊಂಡು ಕುಳಿತು ಬಾರಿಸಿದೆ. ‘ಇ’ ತಂತಿಯ ನಾದ ತೆಳ್ಳಗೆ, ಬೆನ್ನೆಲುಬೇ ಇಲ್ಲದಂತೆ ಕೇಳಿಸಿತು. ಬೇಸ್ ಗುಂಡಿಯನ್ನು ಇನ್ನಷ್ಟು ತಿರುಗಿಸಿದೆ. ಗೋಡೆಯ ಪಕ್ಕದ ಬೀರುವಿನ ಬಾಗಿಲು ಗಡಗಡ ನಡುಗತೊಡಗಿತು. ಪಕ್ಕದ ಕೋಣೆಯಿಂದ ಸದ್ದು ಕಡಿಮೆ ಮಾಡು ಎಂಬ ಕೂಗು ಬಂತು. ನನಗೆ ಮಾತ್ರ ‘ಇ’ ಇನ್ನೂ ತೆಳ್ಳಗೇ ಇತ್ತು. ಆಂಪ್ ಸರಿಯಿಲ್ಲ ಎಂದು ತೀರ್ಮಾನಿಸಿ, ನಷ್ಟಕ್ಕೆ ಮಾರಿ ಇನ್ನೊಂದು ತಂದೆ. ಅದರದ್ದೂ ಅದೇ ಕಥೆ.

ಎಷ್ಟೋ ದಿನಗಳ ನಂತರ ಗೆಳೆಯನೊಬ್ಬ ಬಾರಿಸುತ್ತಿದ್ದಾಗ ನಾನು ಎದ್ದು ಗೋಡೆಯ ಬಳಿಗೆ ಹೋದೆ. ಅಲ್ಲಿ ಅದೇ ‘ಇ’ ಎದೆಗೆ ಗುದ್ದುವಂತಿತ್ತು. ಎರಡು ಹೆಜ್ಜೆ ನಡುವಿಗೆ ಬಂದರೆ ಮಾಯ, ಮತ್ತೆ ಗೋಡೆಗೆ ಹೋದರೆ ಹಾಜರು. ಕುಣಿಯಲಾರದವರು ನೆಲ ಡೊಂಕು ಎಂದರಂತೆ. ಬೇಸ್ ವಿಷಯದಲ್ಲಿ ಎಷ್ಟೋ ಸಲ ನೆಲವೇ ಡೊಂಕಾಗಿರುತ್ತದೆ.

ಅಂದಿನಿಂದ ನಾನು ಆಂಪ್ ಆರಿಸುವ ಕ್ರಮವನ್ನೇ ತಿರುಗುಮುರುಗು ಮಾಡಿದ್ದೇನೆ. ಬೇಸ್‌ನಿಂದ ಶುರುಮಾಡಿ ಪೆಡಲ್, ಹೆಡ್ (ಸ್ಪೀಕರ್ ಇಲ್ಲದ ಆಂಪ್ ಭಾಗ), ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಎಂದು ಮುಂದಕ್ಕೆ ಹೋಗುವುದಿಲ್ಲ. ಕೊನೆಯಲ್ಲಿ ಈ ಸದ್ದು ಯಾರ ಕಿವಿಗೆ, ಯಾವ ಜಾಗದಲ್ಲಿ, ಯಾವುದರ ಮೂಲಕ ತಲುಪುತ್ತದೆ ಎಂದು ಮೊದಲು ಕೇಳಿಕೊಂಡು ಅಲ್ಲಿಂದ ಹಿಂದಕ್ಕೆ ಬರುತ್ತೇನೆ. ಈ ಮಾರ್ಗದರ್ಶಿಯೂ ಅದೇ ದಾರಿಯಲ್ಲಿ ಸಾಗುತ್ತದೆ.

ಹಂತ 1: ಕೇಳುವವರು ಯಾರು?

ಒಂದು ಹಾಳೆಯಲ್ಲಿ ಮುಂದಿನ ಒಂದು ವರ್ಷದಲ್ಲಿ ನೀವು ನಿಜವಾಗಿ ಎಲ್ಲಿ ಬಾರಿಸುತ್ತೀರಿ ಎಂಬುದನ್ನು ಬರೆಯಿರಿ. ಕನಸಿನ ವೇದಿಕೆಯನ್ನು ಬರೆಯಬೇಡಿ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರಿಗೆ ಹೆಡ್‌ಫೋನ್, ಆಡಿಯೋ ಇಂಟರ್‌ಫೇಸ್ (ಬೇಸ್ ಅನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಸಾಫ್ಟ್‌ವೇರ್ ಸಾಕು. ಆಂಪ್ ಬೇಕೇ ಬೇಕು ಎಂದೇನಿಲ್ಲ. ಮನೆಯಲ್ಲಿ ಧ್ವನಿಮುದ್ರಣ ಮಾಡುವವರಿಗೂ ಅಷ್ಟೆ. ಡ್ರಮ್ಮರ್ ಜೊತೆ ತಾಲೀಮು ಮಾಡುವವರಿಗೆ ಗಾಳಿಯನ್ನು ತಳ್ಳುವ ನಿಜವಾದ ಸ್ಪೀಕರ್ ಬೇಕು, ಇಲ್ಲಿ ಸಾಫ್ಟ್‌ವೇರ್ ಒಂದೇ ಇದ್ದರೆ ಉಪಯೋಗವಿಲ್ಲ. ದೊಡ್ಡ ವೇದಿಕೆಯಲ್ಲಿ ಸಭಿಕರಿಗೆ ಕೇಳುವುದು ಸಭಾಂಗಣದ ಪಿಎ ವ್ಯವಸ್ಥೆಯ ಸ್ಪೀಕರ್‌ಗಳಿಂದ. ನಿಮ್ಮ ಆಂಪ್ ಇರುವುದು ನಿಮಗೆ ಮತ್ತು ಡ್ರಮ್ಮರ್‌ಗೆ ಕೇಳಲಿ ಎಂದಷ್ಟೇ.

ಬಹಳ ಮಂದಿ ಮೂರನೆಯ ಸ್ಥಿತಿಗೆ ಬೇಕಾದ ಆಂಪ್ ಕೊಂಡು ಮೊದಲನೆಯ ಸ್ಥಿತಿಯಲ್ಲಿ ಬಳಸುತ್ತಾರೆ. ಐನೂರು ವಾಟ್‌ನ ಹೆಡ್‌ನ ಮಾಸ್ಟರ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಬಾರಿಸುವುದರಲ್ಲಿ ಸುಖವಿಲ್ಲ.

ಹಂತ 2: ಕೋಣೆಯನ್ನು ಅಳೆಯಿರಿ

ನಾಲ್ಕು ತಂತಿಯ ಬೇಸ್‌ನ ‘ಇ’ ತಂತಿಯ ಆವರ್ತನ 41.2 ಹರ್ಟ್ಜ್. ಐದು ತಂತಿಯ ಬೇಸ್‌ನ ‘ಬಿ’ ಇನ್ನೂ ಕೆಳಗೆ, ಸುಮಾರು 31 ಹರ್ಟ್ಜ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿ ನೋಡಿದರೆ ‘ಇ’ಯ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಮಿಗಿಲು. ಎದುರುಬದುರು ಗೋಡೆಗಳ ನಡುವಿನ ಅಂತರ ಅಲೆಯ ಅರ್ಧದಷ್ಟಿದ್ದರೆ ಹೋದ ಅಲೆ ಮತ್ತು ಮರಳಿದ ಅಲೆ ಸೇರಿ ನಿಂತ ಅಲೆಯಾಗುತ್ತವೆ. ಆಗ ಗೋಡೆಯ ಬಳಿ ಒತ್ತಡ ಅತಿ ಹೆಚ್ಚು, ನಟ್ಟನಡುವೆ ಅತಿ ಕಡಿಮೆ. ನನ್ನ ನಾಲ್ಕು ಮೀಟರಿನ ಕೋಣೆಯಲ್ಲಿ ಇದು 43 ಹರ್ಟ್ಜ್‌ನಲ್ಲಿ ಆಗುತ್ತಿತ್ತು. ‘ಇ’ ತಂತಿಯನ್ನೇ ಗುರಿಯಿಟ್ಟು ಕಟ್ಟಿದಂತಿತ್ತು ಕೋಣೆ! ನಾನು ಕುಳಿತದ್ದು ಸರಿಯಾಗಿ ಅದರ ಹಳ್ಳದಲ್ಲಿ.

ನಿಮ್ಮ ಕೋಣೆಯ ಲೆಕ್ಕ ಸುಲಭ: 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. ಅಗಲಕ್ಕೂ ಎತ್ತರಕ್ಕೂ ಹಾಗೆಯೇ ಮಾಡಿ. ಬಂದ ಮೂರು ಸಂಖ್ಯೆಗಳ ಹತ್ತಿರದ ಸ್ವರಗಳು ನಿಮ್ಮ ಕೋಣೆಯಲ್ಲಿ ಒಂದು ಕಡೆ ಗುಡುಗುತ್ತವೆ, ಇನ್ನೊಂದು ಕಡೆ ಸಾಯುತ್ತವೆ. ಕುರ್ಚಿಯನ್ನು ನಡುವಿನಿಂದ ಒಂದು ಮೀಟರ್ ಸರಿಸಿ. ಆಂಪ್ ಅನ್ನು ಮೂಲೆಯಿಂದ ಹೊರಗೆ ತನ್ನಿ, ಏಕೆಂದರೆ ಮೂಲೆ ಕೋಣೆಯ ಎಲ್ಲ ಗುಡುಗುಗಳನ್ನೂ ಒಟ್ಟಿಗೆ ಕೆಣಕುವ ಜಾಗ. ಆಂಪ್ ಅನ್ನು ಸ್ಟೂಲಿನ ಮೇಲಿಟ್ಟರೆ ನೆಲದಿಂದ ಬರುವ ಗುಂಯ್‌ಗುಟ್ಟುವಿಕೆ ಸ್ವಲ್ಪ ತಗ್ಗುತ್ತದೆ, ಸ್ಪೀಕರ್ ಮೊಣಕಾಲಿನ ಬದಲು ಕಿವಿಯ ಕಡೆ ಮುಖ ಮಾಡುತ್ತದೆ. ಇಷ್ಟಕ್ಕೆ ಖರ್ಚಿಲ್ಲ. ಇದನ್ನು ಮಾಡದೆ ಹೊಸ ಆಂಪ್ ಹುಡುಕಲು ಹೊರಡಬೇಡಿ.

ಇನ್ನೊಂದು ವಿಷಯ ಕಿವಿಯದ್ದು. ಸದ್ದು ಸಣ್ಣದಾದಷ್ಟೂ ನಮ್ಮ ಕಿವಿ ಮಂದ್ರ ಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಪ್ರಕಟಿಸಿದ ವಕ್ರರೇಖೆಗಳು ತೋರಿಸಿದ್ದು ಇದನ್ನೇ. ರಾತ್ರಿ ಪಿಸುಮಾತಿನ ಮಟ್ಟದಲ್ಲಿ ಕೂರಿಸಿದ ಟೋನ್ ಜೋರಾಗಿ ಬಾರಿಸಿದಾಗ ಕೆಸರಾಗುವುದು ಇದರಿಂದಲೇ.

ಹಂತ 3: ಕ್ಯಾಬಿನೆಟ್ ಮೊದಲು, ವಾಟ್ ಆಮೇಲೆ

ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ "ಎಷ್ಟು ವಾಟ್?" ಅದಕ್ಕಿಂತ ಮೊದಲು ಕೇಳಬೇಕಾದದ್ದು "ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್?" ಕ್ಯಾಬಿನೆಟ್‌ನ ವಿವರಪಟ್ಟಿಯಲ್ಲಿ ಈ ಸಂಖ್ಯೆ ಇರುತ್ತದೆ. ವಾಟ್ ಎರಡರಷ್ಟಾದರೆ ಸದ್ದು ಏರುವುದು ಕೇವಲ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತರಷ್ಟು ವಾಟ್. ಆದ್ದರಿಂದ 94 ಡೆಸಿಬಲ್‌ನ ಕ್ಯಾಬಿನೆಟ್‌ಗೆ 400 ವಾಟ್ ಕೊಡುವುದೂ 97 ಡೆಸಿಬಲ್‌ನದ್ದಕ್ಕೆ 200 ವಾಟ್ ಕೊಡುವುದೂ ಒಂದೇ. ಇನ್ನೂರು ವಾಟ್‌ನ ಹೆಡ್ ಇರುವವರು ಐನೂರರದ್ದಕ್ಕೆ ಬದಲಿಸಿ "ವ್ಯತ್ಯಾಸವೇ ಗೊತ್ತಾಗಲಿಲ್ಲ" ಎಂದು ಕೊರಗುವುದರ ಹಿಂದಿರುವ ಗಣಿತ ಇದು. ಅದೇ ಹಣಕ್ಕೆ ಇನ್ನೊಂದು ಅಂಥದೇ ಕ್ಯಾಬಿನೆಟ್ ಸೇರಿಸಿದ್ದರೆ ಸಾಮಾನ್ಯ ಟ್ರಾನ್ಸಿಸ್ಟರ್ ಹೆಡ್‌ನಿಂದ ಸುಮಾರು 5ರಿಂದ 6 ಡೆಸಿಬಲ್ ಗಳಿಸುತ್ತಿದ್ದರು.

ಹಾಗೆಂದು ಚಿಕ್ಕ ಪೆಟ್ಟಿಗೆಯಿಂದ ಪವಾಡ ನಿರೀಕ್ಷಿಸಬೇಡಿ. ಸ್ಪೀಕರ್ ವಿನ್ಯಾಸಗಾರರಲ್ಲಿ ಹಾಫ್‌ಮನ್‌ನ ಉಕ್ಕಿನ ನಿಯಮ ಎಂಬ ಮಾತಿದೆ: ಪೆಟ್ಟಿಗೆ ಚಿಕ್ಕದಾಗಿರಬೇಕು, ಮಂದ್ರದ ಆಳಕ್ಕೆ ಇಳಿಯಬೇಕು, ಕಡಿಮೆ ವಾಟ್‌ಗೆ ಜೋರಾಗಿರಬೇಕು, ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಜಾಹೀರಾತು ಮೂರನ್ನೂ ಹೇಳಿದರೆ ಮೂರನೆಯದರಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂದೇ ತಿಳಿಯಿರಿ. ಡ್ರಮ್ಮರ್ ಎದುರು ಮೂವತ್ತು ವಾಟ್‌ನ ಅಭ್ಯಾಸದ ಕಾಂಬೊ (ಹೆಡ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್) ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅಲ್ಲಿ 300ರಿಂದ 500 ವಾಟ್ ಮತ್ತು ಕನಿಷ್ಠ ಎರಡು ಹತ್ತಿಂಚು ಅಥವಾ ಒಂದು ಒಳ್ಳೆಯ ಹನ್ನೆರಡಿಂಚು ನನ್ನ ಲೆಕ್ಕದಲ್ಲಿ ನೆಮ್ಮದಿಯ ಅಳತೆ. ಹತ್ತಿಂಚು ಚುರುಕು, ಹದಿನೈದಿಂಚು ಆಳ ಎಂಬ ಮಾತನ್ನು ಅಷ್ಟಾಗಿ ನಂಬಬೇಡಿ. ಪೆಟ್ಟಿಗೆಯ ಗಾತ್ರ, ಅದು ಮುಚ್ಚಿದ್ದೋ ರಂಧ್ರವಿದ್ದದ್ದೋ, ಒಳಗಿನ ಸ್ಪೀಕರ್ ಎಂಥದ್ದು ಎಂಬುದು ಇಂಚಿಗಿಂತ ಹೆಚ್ಚು ನಿರ್ಧರಿಸುತ್ತದೆ. ರಂಧ್ರವಿರುವ ಪೆಟ್ಟಿಗೆಯನ್ನು ಯಾವ ಆವರ್ತನಕ್ಕೆ ಶ್ರುತಿ ಮಾಡಿರುತ್ತಾರೋ ಅದರ ಕೆಳಗೆ ಸ್ಪೀಕರ್‌ನ ಕೋನ್ ಲಂಗುಲಗಾಮಿಲ್ಲದೆ ಆಡುತ್ತದೆ. ಆ ಆಟ ಕಿವಿಗೆ ಕೇಳುವುದಿಲ್ಲ, ಆದರೆ ಸ್ಪೀಕರ್ ಹರಿಯುವುದು ಅಲ್ಲೇ. 30ರಿಂದ 40 ಹರ್ಟ್ಜ್ ಕೆಳಗಿನದನ್ನು ಕತ್ತರಿಸುವ ಹೈಪಾಸ್ ಫಿಲ್ಟರ್ ಆಂಪ್‌ನಲ್ಲಿದ್ದರೆ ಆನ್ ಮಾಡಿ, ಇಲ್ಲದಿದ್ದರೆ ಪೆಡಲ್ ರೂಪದಲ್ಲಿ ತೆಗೆದುಕೊಳ್ಳಿ. ‘ಇ’ ತಂತಿಯ ಸದ್ದಿನಲ್ಲಿ 41 ಹರ್ಟ್ಜ್‌ಗಿಂತ ಅದರ ಇಮ್ಮಡಿಯಾದ 82 ಹರ್ಟ್ಜ್ ಅಂಶವೇ ಹೆಚ್ಚು ಬಲವಾಗಿರುತ್ತದೆ. ಹಾಗಾಗಿ ನೀವು ಅಂದುಕೊಂಡಷ್ಟು ಕಳೆದುಕೊಳ್ಳುವುದಿಲ್ಲ.

ಇನ್ನು ಓಮ್. ಇಲ್ಲಿ ತಪ್ಪಿದರೆ ಹಣ ಹೊಗೆಯಾಗುತ್ತದೆ. 8 ಓಮ್‌ನ ಎರಡು ಕ್ಯಾಬಿನೆಟ್ ಸಮಾಂತರವಾಗಿ ಸೇರಿದರೆ 4 ಓಮ್. ಮೂರು ಸೇರಿದರೆ 2.67. ಹೆಡ್‌ನ ಹಿಂಭಾಗದಲ್ಲಿ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಮೂರನೆಯದನ್ನು ಸೇರಿಸುವಂತಿಲ್ಲ. ಡಬ್ಬದ ಮೇಲಿನ ‘500 ವಾಟ್’ ಸಾಮಾನ್ಯವಾಗಿ 4 ಓಮ್‌ನ ಲೆಕ್ಕ. ಒಂದೇ 8 ಓಮ್ ಕ್ಯಾಬಿನೆಟ್ ಹಾಕಿದರೆ ಸುಮಾರು 300 ಎಂದು ತಿಳಿಯಿರಿ. ಮುಂದೆ ಎರಡನೆಯದನ್ನು ಸೇರಿಸುವ ಯೋಚನೆ ಇದ್ದರೆ ಮೊದಲನೆಯದನ್ನು 8 ಓಮ್‌ನದ್ದೇ ಕೊಳ್ಳಿ. ಹೆಡ್‌ನಿಂದ ಕ್ಯಾಬಿನೆಟ್‌ಗೆ ದಪ್ಪ ತಾಮ್ರದ ಸ್ಪೀಕರ್ ಕೇಬಲ್ ಮಾತ್ರ. ಗಿಟಾರ್ ಕೇಬಲ್ ಹೊರಗಿನಿಂದ ಹಾಗೆಯೇ ಕಾಣುತ್ತದೆ, ಒಳಗಿರುವುದು ಕೂದಲಿನಂಥ ತಂತಿ, ಬಿಸಿಯಾಗಿ ಕರಗುತ್ತದೆ. ತಿರುಗಿಸಿ ಕೂರಿಸುವ ಸ್ಪೀಕಾನ್ ಜೋಡಣೆ ಇದ್ದರೆ ಅದನ್ನೇ ಬಳಸಿ, ಈ ಗೊಂದಲಕ್ಕೆ ಆಸ್ಪದವೇ ಇರುವುದಿಲ್ಲ.

ಹಂತ 4: ವಾಲ್ವ್, ಟ್ರಾನ್ಸಿಸ್ಟರ್, ಕ್ಲಾಸ್ ಡಿ

ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ಅನ್ನು ತಂದದ್ದು 1951ರಲ್ಲಿ, ಅದಕ್ಕೆಂದೇ ಬೇಸ್‌ಮನ್ ಆಂಪ್ ತಂದದ್ದು 1952ರಲ್ಲಿ. ತಮಾಷೆಯೆಂದರೆ ಆ ಬೇಸ್‌ಮನ್ ಅನ್ನು ಕೊನೆಗೆ ಎದೆಗೊತ್ತಿಕೊಂಡವರು ಗಿಟಾರ್ ವಾದಕರು. ಮಾರ್ಷಲ್‌ನ ಮೊದಲ ಆಂಪ್ ಅದರ ಸರ್ಕ್ಯೂಟ್ ನೋಡಿಯೇ ತಯಾರಾಯಿತು. ಬೇಸ್ ವಾದಕರ ಪಾಲಿಗೆ 1960ರಲ್ಲಿ ಆಂಪೆಗ್‌ನ ಬಿ-15 ಬಂತು, ಧ್ವನಿಮುದ್ರಣ ಕೋಣೆಗಳ ಮುದ್ದಿನ ಮಗು. 1969ರಲ್ಲಿ ಅದೇ ಕಂಪನಿಯ ಎಸ್‌ವಿಟಿ: 300 ವಾಟ್, ಹದಿನಾಲ್ಕು ವಾಲ್ವ್‌ಗಳು (ಗಾಜಿನ ನಿರ್ವಾತ ನಳಿಗೆಗಳು), ಹೆಡ್ ಒಂದೇ ಬಲು ಭಾರ, ಕೆಳಗೆ ಎಂಟು ಹತ್ತಿಂಚಿನ ಸ್ಪೀಕರ್‌ಗಳ ಬೀರು. ಇಂದು ನೀವು ತೆರೆಯುವ ಬಹುತೇಕ ಆಂಪ್ ಸಾಫ್ಟ್‌ವೇರ್‌ಗಳಲ್ಲಿ ಬಿ-15 ಮತ್ತು ಎಸ್‌ವಿಟಿಯ ನೆರಳುಗಳು ಬೇರೆ ಬೇರೆ ಹೆಸರಿನಲ್ಲಿ ಕುಳಿತಿರುತ್ತವೆ. ಆದ್ದರಿಂದ ಈ ಇತಿಹಾಸ ಬರಿಯ ಒಣ ಇತಿಹಾಸವಲ್ಲ, ಮೆನುವಿನಲ್ಲಿ ಯಾವುದನ್ನು ಒತ್ತಬೇಕೆಂದು ತಿಳಿಸುವ ನಕ್ಷೆ. ಬೆಚ್ಚಗಿನ, ದುಂಡಗಿನ ನಾದ ಬೇಕೆಂದರೆ ಮೊದಲನೆಯದರ ಕಡೆಗೆ, ಗೊರಗೊರ ಗುರುಗುಟ್ಟುವ ರಾಕ್ ನಾದಕ್ಕೆ ಎರಡನೆಯದರ ಕಡೆಗೆ.

ನಿಜವಾದ ವಾಲ್ವ್ ಆಂಪ್ ಕೊಳ್ಳಬೇಕೆ? ನನ್ನ ಉತ್ತರ: ನಿಮ್ಮ ಬಳಿ ವಾಹನ, ಗಟ್ಟಿ ಸೊಂಟ ಮತ್ತು ಅದನ್ನು ರಿಪೇರಿ ಮಾಡಬಲ್ಲ ಪರಿಚಿತ ತಂತ್ರಜ್ಞ ಮೂವರೂ ಇದ್ದರೆ ಮಾತ್ರ. ಉಳಿದವರಿಗೆ ಎರಡು ಮೂರು ಕಿಲೋ ತೂಗುವ ಕ್ಲಾಸ್ ಡಿ ಹೆಡ್ (ಟ್ರಾನ್ಸಿಸ್ಟರ್‌ಗಳನ್ನು ಅತಿ ವೇಗದಲ್ಲಿ ಆನ್-ಆಫ್ ಮಾಡಿ ನಡೆಯುವ ಹಗುರ ಹೆಡ್) ಸಾಕು. ಕೆಟ್ಟರೆ ಅದರ ಒಳಗಿನ ಹಲಗೆಯನ್ನೇ ಬದಲಿಸಬೇಕಾಗುವುದು ಹೆಚ್ಚು ಎಂಬುದೊಂದು ಕೊರತೆ.

ಹಂತ 5: ಕೊಳ್ಳುವ ಮುನ್ನ ಕೇಳುವುದು ಹೇಗೆ?

ನಿಮ್ಮದೇ ಬೇಸ್, ನಿಮ್ಮದೇ ಕೇಬಲ್ ಒಯ್ಯಿರಿ. ಡೀಪ್, ಬ್ರೈಟ್, ಶೇಪ್ ಎಂಬ ಹೆಸರಿನ ಎಲ್ಲ ಸ್ವಿಚ್‌ಗಳನ್ನೂ ಆಫ್ ಮಾಡಿ. ಅಂಗಡಿಯಲ್ಲಿ ಮರುಳು ಮಾಡುವುದಕ್ಕೇ ಅವು ಇರುತ್ತವೆಯೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು. ಗುಂಡಿಗಳನ್ನು ನಡುವಿಗೆ ತನ್ನಿ, ಆದರೆ ನಡು ಎಂದರೆ ಸಮತಟ್ಟು ಎಂದು ತಿಳಿಯಬೇಡಿ. ಫೆಂಡರ್ ಮಾದರಿಯ ಟೋನ್ ಸರ್ಕ್ಯೂಟ್‌ನಲ್ಲಿ ಮೂರೂ ಗುಂಡಿಗಳು ನಡುವಿದ್ದಾಗ ಮಧ್ಯದ ಆವರ್ತನಗಳು ತಗ್ಗಿಯೇ ಇರುತ್ತವೆ.

ಈಗ ಚಳಕ ತೋರಿಸಬೇಡಿ. ‘ಇ’ ತಂತಿಯ ಮೇಲೆ ಒಂದೊಂದೇ ಮನೆ (ಫ್ರೆಟ್) ಏರುತ್ತ ಹನ್ನೆರಡು ಸ್ವರಗಳನ್ನು ಒಂದೇ ಬಲದಲ್ಲಿ ನಿಧಾನವಾಗಿ ಬಾರಿಸಿ. ಯಾವುದಾದರೂ ಸ್ವರ ಎದ್ದು ಕುಣಿಯುತ್ತದೆಯೇ, ಯಾವುದಾದರೂ ನುಂಗಿಹೋಗುತ್ತದೆಯೇ ಗಮನಿಸಿ. ನಂತರ ನಿಂತ ಜಾಗ ಬದಲಿಸಿ ಮತ್ತೆ ಬಾರಿಸಿ. ಜಾಗದ ಜೊತೆ ಬದಲಾದರೆ ಅದು ಕೋಣೆಯ ದೋಷ, ಎಲ್ಲೆಡೆ ಹಾಗೆಯೇ ಇದ್ದರೆ ಕ್ಯಾಬಿನೆಟ್‌ನದ್ದು. ಜೋರಾಗಿ ಐದು ನಿಮಿಷ ಬಾರಿಸಿ, ಪೆಟ್ಟಿಗೆಯ ಹಲಗೆಯ ಮೇಲೆ ಅಂಗೈ ಇಟ್ಟು ನೋಡಿ. ಎಲ್ಲಾದರೂ ಸಡಿಲವಾದ ತಿರುಪಿದ್ದರೆ ಚಿರಚಿರ ಸದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಸದ್ದು ನಿಲ್ಲಿಸಿ ಫ್ಯಾನ್ ಎಷ್ಟು ಗದ್ದಲ ಮಾಡುತ್ತದೆ ಕೇಳಿ. ಹಳೆಯ ಆಂಪ್ ಆದರೆ ಪ್ರತಿ ಗುಂಡಿಯನ್ನೂ ತುದಿಯಿಂದ ತುದಿಗೆ ತಿರುಗಿಸಿ. ಕರಕರ ಎಂದರೆ ಒಳಗಿನ ಧೂಳು, ಸ್ವಚ್ಛ ಮಾಡಬಹುದು. ನಡುವೆ ಸದ್ದೇ ಕಡಿದುಹೋದರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬನ್ನಿ.

ಗಿಟಾರ್ ಆಂಪ್‌ಗೆ ಬೇಸ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಮೆಲ್ಲಗೆ ಬಾರಿಸಿದರೆ ಏನೂ ಆಗುವುದಿಲ್ಲ. ಜೋರು ಮಾಡಿದರೆ ಆ ತೆಳು ಕೋನ್ ತಾಳುವುದಿಲ್ಲ. ಬೇಸ್ ಆಂಪ್‌ಗೆ ಗಿಟಾರ್ ಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಂತ 6: ಗುಂಡಿ ತಿರುಗಿಸುವ ಕ್ರಮ

ಮೊದಲು ಗೇನ್, ಅಂದರೆ ಒಳಬರುವ ಸಂಕೇತವನ್ನು ಏರಿಸುವ ಗುಂಡಿ. ನೀವು ಬಾರಿಸಬಹುದಾದ ಅತಿ ಜೋರಿನ ಹೊಡೆತಕ್ಕೆ ಕೆಂಪು ದೀಪ ಮಿನುಗಿ ಆರುವಷ್ಟು ಏರಿಸಿ, ಅಲ್ಲಿಂದ ಚೂರು ಇಳಿಸಿ. ಆಮೇಲೆ ಮಾಸ್ಟರ್‌ನಿಂದ ಸದ್ದು. ನಂತರವೇ ಟೋನ್. ಟೋನ್‌ನಲ್ಲಿ ನೆನಪಿಡಬೇಕಾದ ಜಾಗಗಳು ನಾಲ್ಕೇ: 60ರಿಂದ 80 ಹರ್ಟ್ಜ್ ಹೊಟ್ಟೆಗೆ ತಟ್ಟುವ ತೂಕ, 200ರಿಂದ 300 ಕೆಸರು ಕೂರುವ ಜಾಗ, 700ರಿಂದ 900 ಸ್ವರ ಯಾವುದೆಂದು ಗುರುತು ಹತ್ತುವ ಜಾಗ, 2ರಿಂದ 3 ಕಿಲೋಹರ್ಟ್ಜ್ ಬೆರಳು ಅಥವಾ ಪಿಕ್ ತಂತಿಗೆ ತಗಲುವ ಚಟಕು. ತಂಡದಲ್ಲಿ ನಿಮ್ಮ ಬೇಸ್ ಕೇಳದಿದ್ದರೆ ಕೈ ಮೊದಲು ಮಂದ್ರದ ಗುಂಡಿಗೆ ಹೋಗುತ್ತದೆ. ತಡೆಯಿರಿ. 250ನ್ನು ಸ್ವಲ್ಪ ಇಳಿಸಿ, 800ನ್ನು ಸ್ವಲ್ಪ ಏರಿಸಿ. ಒಬ್ಬರೇ ಬಾರಿಸಿದಾಗ ಈ ಟೋನ್ ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತದೆ, ಡ್ರಮ್ ಮತ್ತು ಗಿಟಾರ್ ಸೇರಿಕೊಂಡಾಗ ಸರಿಯಾಗುತ್ತದೆ. ಒಂಟಿಯಾಗಿ ಕುಳಿತು ಚೆಂದ ಮಾಡಿದ, ಮಧ್ಯವನ್ನು ಪೂರ್ತಿ ಅಗೆದು ತೆಗೆದ ಟೋನ್ ತಂಡದಲ್ಲಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಹಂತ 7: ಸಾಫ್ಟ್‌ವೇರ್‌ಗೆ ಬರುವಾಗ ಬಾಗಿಲಲ್ಲೇ ಎಡವದಿರಿ

ಸಾಫ್ಟ್‌ವೇರ್ ಆಂಪ್ ಪ್ಲಾಸ್ಟಿಕ್‌ನಂತೆ ಕೇಳುತ್ತದೆ ಎಂದು ದೂರುವವರ ಬಳಿ ಹೋಗಿ ನೋಡಿದರೆ ತಪ್ಪು ಬಹುತೇಕ ಸಾಫ್ಟ್‌ವೇರ್‌ನದ್ದಾಗಿರುವುದಿಲ್ಲ, ಅದಕ್ಕೆ ಹೋಗುತ್ತಿರುವ ಸಂಕೇತದ್ದಾಗಿರುತ್ತದೆ. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್‌ನ ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗಕ್ಕೆ) ಎದುರಿನಲ್ಲಿ ಸುಮಾರು 1 ಮೆಗಾಓಮ್ ಪ್ರತಿರೋಧ ಸಿಗಬೇಕು. ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಎಂಬ ಸ್ವಿಚ್ ಇರುವುದು ಇದಕ್ಕೇ. ಅದನ್ನು ಒತ್ತದೆ ಹತ್ತು ಕಿಲೋಓಮ್ ಆಸುಪಾಸಿನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಮೇಲಿನ ಆವರ್ತನಗಳು ಬಾಗಿಲಲ್ಲೇ ಸತ್ತುಹೋಗುತ್ತವೆ. ಆಮೇಲೆ ಯಾವ ಪ್ರೀಸೆಟ್ (ಮೊದಲೇ ಹೊಂದಿಸಿಟ್ಟ ಟೋನ್) ಹಾಕಿದರೂ ಕಂಬಳಿ ಹೊದಿಸಿದ ಸದ್ದೇ.

ಎರಡನೆಯದು ಮಟ್ಟ. ಅತಿ ಜೋರಿನ ಹೊಡೆತದ ಶಿಖರ ಮೀಟರ್‌ನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಲಿ. ನಿಜವಾದ ವಾಲ್ವ್‌ನಂತೆ ಸಾಫ್ಟ್‌ವೇರ್ ವಾಲ್ವ್ ಕೂಡ ಒಳಬರುವ ಮಟ್ಟಕ್ಕೆ ತಕ್ಕಂತೆ ಬಿರುಸಾಗುತ್ತದೆ. ಪ್ರೀಸೆಟ್ ಕಟ್ಟಿದವರ ಮಟ್ಟ ಬೇರೆ, ನಿಮ್ಮದು ಬೇರೆ. ಹಾಗಾಗಿ ಪ್ರೀಸೆಟ್ ಹಾಕಿದ ಮೇಲೆ ಮುಟ್ಟಬೇಕಾದ ಮೊದಲ ಗುಂಡಿ ಪ್ಲಗಿನ್‌ನ (ಧ್ವನಿಮುದ್ರಣ ತಂತ್ರಾಂಶದೊಳಗೆ ಓಡುವ ಆಂಪ್ ಸಾಫ್ಟ್‌ವೇರ್‌ನ) ಇನ್‌ಪುಟ್ ಗುಂಡಿ.

ಮೂರನೆಯದು ಲೇಟೆನ್ಸಿ, ಅಂದರೆ ತಂತಿ ಮೀಟಿದ ಗಳಿಗೆಗೂ ಕಿವಿಗೆ ಬೀಳುವ ಗಳಿಗೆಗೂ ನಡುವಿನ ವಿಳಂಬ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್‌ನ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಸದ್ದಿನ ತುಣುಕು) ಎಂದರೆ 2.7 ಮಿಲಿಸೆಕೆಂಡ್. ಒಳಗೆ ಒಮ್ಮೆ, ಹೊರಗೆ ಒಮ್ಮೆ, ಜೊತೆಗೆ ಪರಿವರ್ತಕಗಳ ಸಮಯ ಸೇರಿ ಏಳೆಂಟು ಮಿಲಿಸೆಕೆಂಡ್ ಆಗುತ್ತದೆ. ಗಾಬರಿ ಬೇಡ: ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ವೇದಿಕೆಯಲ್ಲಿ ಆಂಪ್‌ನಿಂದ ಎರಡೂವರೆ ಮೀಟರ್ ದೂರ ನಿಂತವರು ಅಷ್ಟೇ ವಿಳಂಬದಲ್ಲಿ ಬಾರಿಸುತ್ತಾರೆ, ಯಾರೂ ಗೊಣಗುವುದಿಲ್ಲ. ಹದಿನೈದು ದಾಟಿದರೆ ಬೆರಳು ಕೆಸರಿನಲ್ಲಿ ಓಡಿದಂತಾಗುತ್ತದೆ. ವಿಂಡೋಸ್ ಬಳಸುವವರು ಇಂಟರ್‌ಫೇಸ್ ತಯಾರಕರೇ ಕೊಡುವ ಏಸಿಯೊ ಡ್ರೈವರ್ (ಸದ್ದನ್ನು ಕಡಿಮೆ ವಿಳಂಬದಲ್ಲಿ ಸಾಗಿಸುವ ತಂತ್ರಾಂಶ) ಹಾಕಿಕೊಳ್ಳಿ. ಬಫರ್ ಎಷ್ಟು ಇಳಿಸಿದರೂ ವಿಳಂಬ ಕಡಿಮೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರ್ ಅನ್ನು. ಬಾರಿಸುವಾಗ ಬಫರ್ ಚಿಕ್ಕದಿರಲಿ, ಮಿಶ್ರಣ ಮಾಡುವಾಗ ದೊಡ್ಡದು ಮಾಡಿ.

ಲ್ಯಾಪ್‌ಟಾಪ್‌ನಿಂದ ಝುಂಯ್ ಎಂಬ ಗೊಣಗು ಬರುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಕಳ್ಳ ಸಿಕ್ಕ. ನಿಲ್ಲದಿದ್ದರೆ ಬೇಸ್ ಹಿಡಿದು ಕುರ್ಚಿಯಲ್ಲೇ ನಿಧಾನ ತಿರುಗಿ. ಒಂದು ದಿಕ್ಕಿನಲ್ಲಿ ಕಡಿಮೆಯಾದರೆ ಸಿಂಗಲ್ ಕಾಯಿಲ್ ಪಿಕಪ್ ಹತ್ತಿರದ ಪರದೆ ಅಥವಾ ಅಡಾಪ್ಟರ್‌ನ ಕಾಂತಕ್ಷೇತ್ರವನ್ನು ಹಿಡಿಯುತ್ತಿದೆ.

ಯಾವ ಸಾಫ್ಟ್‌ವೇರ್? ಹಣ ಹಾಕುವ ಮೊದಲು ಉಚಿತವಾದವುಗಳನ್ನು ಒಂದು ತಿಂಗಳು ಬಳಸಿ. ಇಗ್ನೈಟ್ ಆಂಪ್ಸ್‌ನ ಎಸ್‌ಎಚ್‌ಬಿ-1 ಬೇಸ್‌ಗೆಂದೇ ಮಾಡಿದ ಉಚಿತ ಹೆಡ್. ನ್ಯೂರಲ್ ಆಂಪ್ ಮಾಡೆಲರ್ ಮುಕ್ತ ತಂತ್ರಾಂಶ. ನಿಜವಾದ ಆಂಪ್ ಒಂದರ ವರ್ತನೆಯನ್ನು ನರಜಾಲಕ್ಕೆ ಕಲಿಸಿ ಉಳಿಸಿಟ್ಟ ಕಡತಗಳನ್ನು ಅದರಲ್ಲಿ ತೆರೆಯಬಹುದು. ಇಂಥ ಕಡತ ಗುಂಡಿಗಳು ಒಂದು ಸ್ಥಾನದಲ್ಲಿದ್ದಾಗಿನ ಛಾಯಾಚಿತ್ರವಿದ್ದಂತೆ, ಬಹುತೇಕ ಕಡತಗಳಲ್ಲಿ ಒಳಗಿನ ಗುಂಡಿಯನ್ನು ಆಮೇಲೆ ತಿರುಗಿಸಲಾಗದು. ತಿರುಗಿಸಿ ಕಲಿಯುವ ಆಸೆ ಇರುವವರಿಗೆ ಸರ್ಕ್ಯೂಟ್ ಅನ್ನೇ ಅನುಕರಿಸುವ ಪ್ಲಗಿನ್ ಮೇಲು.

ಹಂತ 8: ಹೆಡ್‌ಗಿಂತ ಕ್ಯಾಬಿನೆಟ್ ಇಲ್ಲೂ ಮುಖ್ಯ

ಸಾಫ್ಟ್‌ವೇರ್‌ನಲ್ಲಿ ಕ್ಯಾಬಿನೆಟ್‌ನ ಕೆಲಸ ಮಾಡುವುದು ಇಂಪಲ್ಸ್ ರೆಸ್ಪಾನ್ಸ್, ಚಿಕ್ಕದಾಗಿ ಐಆರ್. ಒಂದು ಕ್ಯಾಬಿನೆಟ್, ಅದರ ಮುಂದಿನ ಮೈಕು, ಅದು ಇದ್ದ ಜಾಗ ಇವೆಲ್ಲದರ ಧ್ವನಿಮುದ್ರೆ ಒಂದು ಪುಟ್ಟ ಕಡತದಲ್ಲಿರುತ್ತದೆ. ಹೆಡ್ ಬದಲಿಸಿದರೆ ಸದ್ದು ಸ್ವಲ್ಪ ಬದಲಾಗುತ್ತದೆ, ಐಆರ್ ಬದಲಿಸಿದರೆ ಬೇರೆಯದೇ ವಾದ್ಯ. ಇದನ್ನು ಕಿವಿಯಾರೆ ಕೇಳಬೇಕೆಂದರೆ ಎಂಟು ಹತ್ತಿಂಚಿನ ಕ್ಯಾಬಿನೆಟ್‌ನ ಐಆರ್ ಹಾಕಿ ನಾಲ್ಕು ಹೆಡ್ ಬದಲಿಸಿ, ಆಮೇಲೆ ಒಂದೇ ಹೆಡ್ ಇಟ್ಟು ನಾಲ್ಕು ಐಆರ್ ಬದಲಿಸಿ.

ಗಿಟಾರ್‌ಗೆ ಮಾಡಿದ ಐಆರ್ ಬೇಸ್‌ಗೆ ಹೊಂದುವುದು ಅಪರೂಪ, ಮತ್ತು ಉದ್ದವೂ ಲೆಕ್ಕಕ್ಕೆ ಬರುತ್ತದೆ. 41.2 ಹರ್ಟ್ಜ್‌ನ ‘ಇ’ ಒಂದು ಸುತ್ತು ಮುಗಿಸಲು 24 ಮಿಲಿಸೆಕೆಂಡ್ ಬೇಕು. 48 ಕಿಲೋಹರ್ಟ್ಜ್‌ನಲ್ಲಿ 1024 ಸ್ಯಾಂಪಲ್‌ನ ಐಆರ್ 21 ಮಿಲಿಸೆಕೆಂಡಿಗೇ ಮುಗಿಯುತ್ತದೆ. ಆ ಕಡತದಲ್ಲಿ ನಿಮ್ಮ ಅತಿ ಕೆಳಗಿನ ಸ್ವರದ ಒಂದು ಸುತ್ತಿಗೂ ಜಾಗವಿಲ್ಲ. ಬೇಸ್‌ಗೆ 2048 ಅಥವಾ ಅದಕ್ಕಿಂತ ಉದ್ದದ್ದನ್ನೇ ಆರಿಸಿ.

ಇನ್ನು ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕೆಂದೇ ಒರಟಾಗಿಸುವುದು. ಪೂರ್ತಿ ಸಂಕೇತವನ್ನು ಒಂದೇ ಡಿಸ್ಟಾರ್ಷನ್‌ಗೆ ತಳ್ಳಿದರೆ ತಳ ಕುಸಿಯುತ್ತದೆ. ಸಂಕೇತವನ್ನು ಎರಡು ಕವಲಾಗಿ ಒಡೆಯಿರಿ. ಸುಮಾರು 200 ಹರ್ಟ್ಜ್ ಕೆಳಗಿನದು ಒಂದು ಕವಲು: ಅದು ಶುಭ್ರವಾಗಿರಲಿ, ಕಂಪ್ರೆಸರ್ ಹಾಕಿ ಸ್ಥಿರಗೊಳಿಸಿ. ಮೇಲಿನದು ಇನ್ನೊಂದು: ಅದನ್ನು ಬೇಕಾದಷ್ಟು ಹರಿದು ಚಿಂದಿ ಮಾಡಿ, ಕೊನೆಯಲ್ಲಿ ಐಆರ್ ಹಾಕಿ. ಎರಡನ್ನೂ ಸೇರಿಸಿ. ಇಂದಿನ ಹಲವು ಬೇಸ್ ಪ್ಲಗಿನ್‌ಗಳು ಒಳಗೊಳಗೇ ಮಾಡುವುದು ಇದನ್ನೇ.

ಸೇರಿಸಿದಾಗ ಸದ್ದು ದಪ್ಪವಾಗುವ ಬದಲು ತೆಳುವಾದರೆ ಎರಡೂ ಕವಲುಗಳ ಅಲೆಗಳು ಒಂದನ್ನೊಂದು ಕಡಿಯುತ್ತಿವೆ. ನಿಜವಾದ ಆಂಪ್ ಮುಂದೆ ಮೈಕಿಟ್ಟು, ಜೊತೆಗೆ ನೇರ ಡಿಐ ಸಂಕೇತವನ್ನೂ (ಮೈಕಿಲ್ಲದೆ ಕೇಬಲ್‌ನಿಂದಲೇ ಬರುವುದನ್ನೂ) ಮುದ್ರಿಸುವವರಿಗೆ ಇದು ಕಟ್ಟಿಟ್ಟ ಬುತ್ತಿ. ಮೈಕು ಒಂದು ಮೀಟರ್ ದೂರದಲ್ಲಿದ್ದರೆ ಸದ್ದು 2.9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಆಗ 172 ಹರ್ಟ್ಜ್ ಸುತ್ತಮುತ್ತಲಿನದು ಸೀದಾ ಹಳ್ಳಕ್ಕೆ ಬೀಳುತ್ತದೆ. ತೆರೆಯ ಮೇಲೆ ಎರಡೂ ತರಂಗಗಳನ್ನು ದೊಡ್ಡದು ಮಾಡಿ, ಮೊದಲ ಹೊಡೆತದ ಏರು ಒಂದೇ ಗೆರೆಯಲ್ಲಿ ಬರುವಂತೆ ಮೈಕಿನ ಕಡತವನ್ನು ಹಿಂದಕ್ಕೆ ಎಳೆಯಿರಿ. ನಂತರ ಒಂದರ ಪೋಲಾರಿಟಿ ತಿರುಗಿಸಿ ಕೇಳಿ. ಯಾವ ಸ್ಥಿತಿಯಲ್ಲಿ ಹೊಟ್ಟೆ ತುಂಬುತ್ತದೆಯೋ ಅದು ಸರಿ.

ಮುದ್ರಿಸುವಾಗ ಡಿಐ ಸಂಕೇತವನ್ನು ಬೇರೆಯಾಗಿ ಉಳಿಸುವುದನ್ನು ಎಂದೂ ಮರೆಯಬೇಡಿ. ಆಂಪ್ ನಾಳೆ ಬದಲಿಸಬಹುದು, ಇಂದು ಬಾರಿಸಿದ್ದು ಮತ್ತೆ ಬರುವುದಿಲ್ಲ. ಕೊನೆಗೆ ಮಿಶ್ರಣವನ್ನು ಮೊಬೈಲ್‌ನ ಸ್ಪೀಕರಿನಲ್ಲಿ ಕೇಳಿ. ಅದು 200 ಹರ್ಟ್ಜ್ ಕೆಳಗಿನದನ್ನು ಹೆಚ್ಚೇನೂ ಹೊರಡಿಸಲಾರದು. ಆದರೂ ಬೇಸ್‌ನ ಸ್ವರಗಳು ಗುರುತು ಸಿಕ್ಕಿದರೆ ಮೇಲಿನ ಕವಲು ತನ್ನ ಕೆಲಸ ಮಾಡಿದೆ: ಉಪಸ್ವರಗಳನ್ನು ಕೇಳಿಸಿಕೊಂಡು ಮೂಲ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ.

ಹಂತ 9: ಸಾಫ್ಟ್‌ವೇರ್ ಟೋನ್‌ನೊಂದಿಗೆ ವೇದಿಕೆಗೆ

ಹೆಡ್‌ಫೋನ್‌ನಲ್ಲಿ ಕಟ್ಟಿದ ಪ್ರೀಸೆಟ್ ವೇದಿಕೆಯಲ್ಲಿ ಹಾಗೆಯೇ ಇರುವುದಿಲ್ಲ. ತಾಲೀಮಿನ ಜಾಗದಲ್ಲಿ, ಡ್ರಮ್ ಜೊತೆ, ನಿಜವಾದ ಜೋರಿನಲ್ಲಿ ಅದರ ಇನ್ನೊಂದು ಪ್ರತಿ ಮಾಡಿ ಬೇರೆ ಹೆಸರಿಡಿ. ಸಂಕೇತವನ್ನು ನಿಜವಾದ ಬೇಸ್ ಕ್ಯಾಬಿನೆಟ್‌ಗೆ ಕಳಿಸುವಾಗ ಐಆರ್ ಆಫ್ ಮಾಡಿ, ಪಿಎಗೆ ಕಳಿಸುವಾಗ ಹಾಕಿ. ಕ್ಯಾಬಿನೆಟ್ ಮೇಲೆ ಕ್ಯಾಬಿನೆಟ್ ಹೊರಿಸಿದರೆ ಉಳಿಯುವುದು ಮಸುಕು.

ಸೌಂಡ್ ಎಂಜಿನಿಯರ್‌ಗೆ ಹೋಗುವ ಡಿಐ ಗೆರೆಗೆ ಹೆಡ್‌ನಲ್ಲಿ ಪ್ರೀ (ಟೋನ್ ಗುಂಡಿಗಳಿಗೆ ಮೊದಲು), ಪೋಸ್ಟ್ (ಅವುಗಳ ನಂತರ) ಎಂಬ ಸ್ವಿಚ್ ಇರುತ್ತದೆ. ಪೋಸ್ಟ್‌ನಲ್ಲಿದ್ದರೆ ವೇದಿಕೆಯಲ್ಲಿ ನೀವು ಗುಂಡಿ ತಿರುಗಿಸಿದಾಗಲೆಲ್ಲ ಸಭಾಂಗಣದ ಸದ್ದೂ ಬದಲಾಗುತ್ತದೆ. ಎಂಜಿನಿಯರ್‌ನ ಸ್ನೇಹ ಬೇಕಿದ್ದರೆ ಪ್ರೀ ಕೊಡಿ, ಟೋನ್ ಪೆಡಲ್‌ನಿಂದಲೇ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಗುಂಯ್ ಎಂದರೆ ಗ್ರೌಂಡ್ ಲಿಫ್ಟ್ ಒತ್ತಿ. ಗೋಡೆಯ ಪ್ಲಗ್‌ನ ಅರ್ಥಿಂಗ್ ಪಿನ್ ಕತ್ತರಿಸುವ ಜಾಣತನವನ್ನು ಮಾತ್ರ ಮಾಡಬೇಡಿ, ಅದು ಪ್ರಾಣಕ್ಕೇ ಎರವು. ಮಿಕ್ಸರ್‌ನಿಂದ ಬರುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಅನ್ನು ನಿಮ್ಮ ಆಂಪ್‌ನ ಡಿಐ ತಾಳುತ್ತದೆಯೇ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ.

ಒಮ್ಮೆ ಕಾರ್ಯಕ್ರಮದ ಎರಡನೆಯ ಹಾಡಿನ ನಡುವೆ ನನ್ನ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನು ಅಪ್‌ಡೇಟ್‌ಗೆ ಕುಳಿತಿತು. ಹತ್ತು ನಿಮಿಷ ನಾನು ತಲೆಯಾಡಿಸುತ್ತ ಬೇಸ್ ಬಾರಿಸುವ ನಟನೆ ಮಾಡಿದೆ. ಅಂದಿನಿಂದ ವೇದಿಕೆಗೆ ಹೋಗುವ ಯಂತ್ರದಲ್ಲಿ ಇಂಟರ್‌ನೆಟ್ ಆಫ್ ಮಾಡಿರುತ್ತೇನೆ, ಚೀಲದಲ್ಲಿ ಒಂದು ಪುಟ್ಟ ಡಿಐ ಪ್ರೀಆಂಪ್ ಪೆಡಲ್ ಇಟ್ಟಿರುತ್ತೇನೆ. ಟೆಕ್ 21 ಕಂಪನಿ 1989ರಲ್ಲಿ ತಂದ ಸ್ಯಾನ್ಸ್‌ಆಂಪ್ ಕಂಪ್ಯೂಟರ್ ಇಲ್ಲದೆಯೇ, ಬರಿಯ ಅನಲಾಗ್ ಸರ್ಕ್ಯೂಟ್‌ನಿಂದ ಆಂಪ್‌ನ ನಾದವನ್ನು ಅನುಕರಿಸಿತು. ಆ ಜಾತಿಯ ಪೆಡಲ್‌ಗಳಿಗೆ ಅಪ್‌ಡೇಟ್ ಬರುವುದಿಲ್ಲ.

ಹಂತ 10: ಆರೈಕೆ

ವಾಲ್ವ್ ಆಂಪ್ ಅನ್ನು ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಬಾರಿಸಿ ಮುಗಿದ ಮೇಲೆ ಅದು ತಣ್ಣಗಾದ ನಂತರವೇ ಎತ್ತಿ. ಪವರ್ ವಾಲ್ವ್ ಬದಲಿಸಿದಾಗ ಬಯಾಸ್ (ಸದ್ದಿಲ್ಲದಾಗಲೂ ವಾಲ್ವ್‌ನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ) ಹೊಂದಿಸಬೇಕು, ಅದು ತಂತ್ರಜ್ಞರ ಕೆಲಸ. ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ, ಕುತೂಹಲಕ್ಕೂ ತೆರೆಯಬೇಡಿ. ಕ್ಲಾಸ್ ಡಿ ಹೆಡ್‌ನ ಗಾಳಿಕಿಂಡಿಗೆ ಧೂಳು ಕಟ್ಟದಂತೆ ನೋಡಿಕೊಂಡರೆ ಸಾಕು. ವರ್ಷಕ್ಕೊಮ್ಮೆ ಕ್ಯಾಬಿನೆಟ್‌ನ ತಿರುಪುಗಳನ್ನು ಬಿಗಿ ಮಾಡಿ, ತೀರಾ ಬಲ ಹಾಕದೆ.

ಸಾಫ್ಟ್‌ವೇರ್‌ಗೂ ಆರೈಕೆ ಇದೆ. ಕಾರ್ಯಾಚರಣೆ ವ್ಯವಸ್ಥೆಯ ದೊಡ್ಡ ಅಪ್‌ಡೇಟ್ ಮಾಡುವ ಮೊದಲು ನಿಮ್ಮ ಪ್ಲಗಿನ್ ಅದರಲ್ಲಿ ಓಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಪ್ರೀಸೆಟ್ ಕಡತಗಳನ್ನೂ ಪರವಾನಗಿ ಸಂಖ್ಯೆಗಳನ್ನೂ ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಹಾಡು ಮುಗಿದ ಮೇಲೆ ಬೇಸ್ ಪಟ್ಟಿಯನ್ನು ಪ್ಲಗಿನ್ ಸಮೇತ ಶಬ್ದದ ಕಡತವಾಗಿ ಹೊರತೆಗೆದು ಇಡಿ, ಐದು ವರ್ಷದ ನಂತರ ಆ ಪ್ಲಗಿನ್ ತೆರೆಯದೇ ಹೋಗಬಹುದು.

ನನ್ನ ಕುರ್ಚಿ ಈಗ ಕೋಣೆಯ ನಡುವಿನಿಂದ ಒಂದೂಕಾಲು ಮೀಟರ್ ಹಿಂದಕ್ಕಿದೆ. ಬೀರುವಿನ ಬಾಗಿಲಿಗೆ ಮಡಿಸಿದ ಕಾಗದವೊಂದನ್ನು ಸಿಕ್ಕಿಸಿದ್ದೇನೆ.